ಅಳಿಸಬಾರದ ಗೆರೆಗಳು

ನನ್ನ ಕೆಲಸ ಮೈಮೇಲೆ ಗೆರೆ ಎಳೆಯುವುದು. ಹೀಗೆಂದರೆ ಯಾರಿಗೂ ತಿಳಿಯುವುದಿಲ್ಲ, ಹಾಗಾಗಿ ಸಂತೆಯಲ್ಲಿ ಕೇಳಿದವರಿಗೆ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮಷಿನ್ ನಡೆಸುತ್ತೇನೆ ಎಂದು ಹೇಳಿ ಮುಗಿಸುತ್ತೇನೆ. ನಮ್ಮ ಕಡೆ ವಿಕಿರಣ ಚಿಕಿತ್ಸೆಗೆ ‘ಕರೆಂಟ್ ಕೊಡೋದು’ ಅನ್ನುತ್ತಾರೆ. ಆ ಕರೆಂಟ್ ಕ್ಯಾನ್ಸರ್ ಗಂಟಿನ ಮೇಲೆ ಬೀಳಬೇಕು, ಪಕ್ಕದ ಕರುಳಿನ ಮೇಲೆ ಬೀಳಬಾರದು. ಅದಕ್ಕೆ ಮೊದಲ ದಿನವೇ ಅಳತೆ ಮಾಡಿ, ರೋಗಿಯ ಮೈಮೇಲೆ ಶಾಯಿಯಿಂದ ಮೂರು ಗುರುತು ಹಾಕುತ್ತೇವೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆದರೆ ಹೊಕ್ಕುಳಿನ ಕೆಳಗೊಂದು, ಸೊಂಟದ ಎರಡೂ ಪಕ್ಕ ಒಂದೊಂದು. ಶಾಲೆಯಲ್ಲಿ ಕೂಡಿಸುವ ಲೆಕ್ಕಕ್ಕೆ ಹಾಕುವ ಗುರುತಿನಂತೆ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ. ದಿನಾ ಗೋಡೆಯಿಂದ ಬರುವ ಕೆಂಪು ಬೆಳಕನ್ನು ಆ ಗೆರೆಗಳ ಮೇಲೆ ಕೂರಿಸಿಯೇ ಮಷಿನ್ ಶುರು ಮಾಡುವುದು. ಐದು ವಾರ, ವಾರಕ್ಕೆ ಐದು ದಿನ. ಗೆರೆ ಅಳಿಸಿದರೆ ಮತ್ತೆ ಮೊದಲಿನಿಂದ ಅಳೆಯಬೇಕು.

ಕೊರೊನಾ ಬಂದಾಗ ಬಸ್ಸುಗಳು ನಿಂತವು. ರೋಗಿಗಳನ್ನು ಕರೆತರಲು ಆಸ್ಪತ್ರೆಯವರು ಒಂದು ಟೆಂಪೊ ಗೊತ್ತು ಮಾಡಿದರು. ಅದು ಬೆಳಗ್ಗೆ ಹಡಗಲಿ ಬಿಟ್ಟು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಯಲ್ಲಿ ಮಂದಿಯನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಹರಪನಹಳ್ಳಿಯವರೊಬ್ಬರು ಅಳಿಯನ ಬೈಕಿನಲ್ಲಿ ಕೊಟ್ಟೂರಿನ ತನಕ ಬಂದು ಹತ್ತುತ್ತಿದ್ದರು. ನಾನು ಕೊಟ್ಟೂರಿನವಳು, ನನಗೂ ಬೇರೆ ಗಾಡಿ ಇರಲಿಲ್ಲ. ಒಟ್ಟು ಆರು ರೋಗಿಗಳು, ನಾನು, ಡ್ರೈವರ್. ಯಾರು ಎಲ್ಲಿ ಕೂರಬೇಕು ಎಂದು ಸೀಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆ. ಕಿಟಕಿ ಮುಚ್ಚುವಂತಿಲ್ಲ, ಬಾಯಿಯ ಬಟ್ಟೆ ಇಳಿಸುವಂತಿಲ್ಲ, ಜ್ವರ ಇದ್ದವರು ಹತ್ತುವಂತಿಲ್ಲ. ಮೊದಲೆರಡು ಊರುಗಳಲ್ಲಿ ಜ್ವರ ನೋಡುವುದನ್ನು ಡ್ರೈವರಿಗೆ ಕಲಿಸಿದ್ದೆ. ಆದರೂ ಅವನನ್ನು ನಂಬದೆ ಕೊಟ್ಟೂರಿನಲ್ಲಿ ಜ್ವರ ಅಳೆಯುವ ಗನ್ನನ್ನು ಎಲ್ಲರ ಹಣೆಗೂ ಇನ್ನೊಮ್ಮೆ ನಾನೇ ಹಿಡಿಯುತ್ತಿದ್ದೆ.

ಇಷ್ಟು ಬಿಗಿ ಯಾಕೆಂದರೆ ನಮ್ಮಲ್ಲಿದ್ದುದು ಒಂದೇ ಮಷಿನ್. ಅದನ್ನು ನಡೆಸಲು ಬಂದವರು ಇಬ್ಬರೇ, ನಾನು ಮತ್ತು ನನ್ನ ಜೊತೆಯವರು. ನಮಗೆ ರೋಗ ಹತ್ತಿದರೆ ಮಷಿನ್ ನಿಲ್ಲುತ್ತದೆ, ಮಷಿನ್ ನಿಂತರೆ ಎಲ್ಲರ ಗಂಟೂ ಮತ್ತೆ ಬೆಳೆಯುತ್ತದೆ. ಇದು ನಿಜವೇ. ಆದರೆ ನಿಯಮ ಮಾಡುವುದರಲ್ಲಿ ನನಗೆ ಒಂದು ಖುಷಿಯೂ ಇತ್ತು. ಅದನ್ನು ಈಗ ಒಪ್ಪಿಕೊಳ್ಳಲೇಬೇಕು.

ಆ ಆರು ಜನರಲ್ಲಿ ಒಬ್ಬಳು ನನ್ನ ದೊಡ್ಡವ್ವ, ಅವ್ವನ ಅಕ್ಕ. ಗುಡೇಕೋಟೆಯ ಕಡೆ ಒಂದು ಹಳ್ಳಿ ಅವಳದು. ಮನೆಯಲ್ಲಿ ಕುರಿ ಕಾಯುವ ಮಗ, ಸೊಸೆ, ಆಗ ತಾನೇ ತೆವಳಲು ಕಲಿತಿದ್ದ ಮೊಮ್ಮಗಳು. ನನ್ನ ಅವ್ವ ಬೇಗ ತೀರಿಹೋದದ್ದರಿಂದ ಏಳನೇ ಇಯತ್ತೆಯವರೆಗೆ ನಾನು ಬೆಳೆದದ್ದು ಇವಳ ಸೆರಗಿನಲ್ಲೇ. ಅವಳ ಮುಂಗೈ ತುಂಬ ಹಸಿರು ಹಚ್ಚೆ ಇತ್ತು, ಒಂದು ತುಳಸಿ ಕಟ್ಟೆ, ಒಂದು ಚೇಳು, ಸಾಲು ಚುಕ್ಕೆ. ಚಿಕ್ಕವಳಿದ್ದಾಗ ಉಗುಳು ಹಚ್ಚಿ ಆ ಚೇಳನ್ನು ಉಜ್ಜಿ ತೆಗೆಯಲು ನೋಡುತ್ತಿದ್ದೆ. ಅವಳು ನಗುತ್ತಿದ್ದಳು. ‘ಅದು ಹೋಗಂಗಿಲ್ಲ ಬೇ. ಸತ್ತಾಗ ಬಂಗಾರ ಬಿಚ್ಚಿಕೊಂತಾರ, ಸೀರಿ ಬಿಚ್ಚಿಕೊಂತಾರ. ಹಚ್ಚಿ ಒಂದ ಸಂಗಾಟ ಬರೋದು.’

ಮೊದಲ ದಿನ ಅವಳನ್ನು ಮೇಜಿನ ಮೇಲೆ ಮಲಗಿಸಿ ಗುರುತು ಹಾಕಿದವಳು ನಾನೇ. ಪೆನ್ನಿನ ತುದಿ ತಣ್ಣಗಿತ್ತು, ಅವಳಿಗೆ ಕಚಗುಳಿಯಾಯಿತು. ‘ಇದೇನಲೇ, ಈ ವಯಸ್ಸಿನ್ಯಾಗ ನನಗ ಹಚ್ಚಿ ಹಾಕಾಕತ್ತೀಯೇನು?’ ಎಂದಳು.

‘ಹಚ್ಚಿ ಅಂತನ ತಿಳ್ಕೋ. ಅಳಿಸಬಾರದು’ ಎಂದೆ.

ಎಷ್ಟು ಹಗುರಾಗಿ ಅಂದುಬಿಟ್ಟೆ.

ಎರಡನೇ ವಾರಕ್ಕೆ ಅವಳ ಗೆರೆ ಮಾಸಿ ಬಂತು. ಮೂರನೇ ವಾರದ ಮೊದಲ ದಿನ ಬಂದಾಗ ಎಡ ಸೊಂಟದ್ದು ಪೂರ್ತಿ ಹೋಗಿತ್ತು. ಕಾರಣ ಕೇಳಿದರೆ, ಮನೆಗೆ ಹೋದ ಕೂಡಲೇ ಸೊಸೆ ಹಿತ್ತಿಲಲ್ಲೇ ನಿಲ್ಲಿಸಿ, ಬೇವಿನ ಸೊಪ್ಪು ಹಾಕಿ ಕಾಯಿಸಿದ ನೀರು, ಸೋಪು ಕೊಟ್ಟು ತಲೆಯಿಂದ ಕಾಲಿನ ತನಕ ತಿಕ್ಕಿಕೊಳ್ಳಲು ಹೇಳುತ್ತಾಳಂತೆ. ಆಸ್ಪತ್ರೆಯಿಂದ ಬಂದ ಮೈಯಲ್ಲಿ ಕೂಸನ್ನು ಮುಟ್ಟುವುದು ಹೇಗೆ? ಹಾಗೆ ಸ್ನಾನ ಮಾಡಿಯೇ ಒಳಗೆ ಹೋಗಬೇಕು ಎಂದು ಟೆಂಪೊದಲ್ಲಿ ದಿನಾ ಸಾರುತ್ತಿದ್ದವಳು ಯಾರು? ನಾನೇ. ಗೆರೆ ಅಳಿಸಬೇಡಿ ಎಂದವಳೂ ನಾನೇ. ಗೆರೆಗೆ ನೀರು ತಾಗದಂತೆ ಸ್ನಾನ ಮಾಡಿ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದೆ. ನೀರನ್ನು ಅಷ್ಟು ಹದವಾಗಿ ಸುರಿದುಕೊಳ್ಳುವುದು ಹೇಗೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಅವಳಿಗೆ ಅತ್ತ ದರಿ, ಇತ್ತ ಪುಲಿ.

ಅವತ್ತು ಮತ್ತೆ ಅಳತೆ ಮಾಡುವುದಕ್ಕೆ ಒಂದು ತಾಸು ಹಿಡಿಯಿತು. ಹೊರಗೆ ಐದು ಜನ ಬಿಸಿಲಿನಲ್ಲಿ ಕಾದರು. ವಾಪಸು ಬರುವಾಗ ಗಂಟಲಿನ ಕ್ಯಾನ್ಸರಿನ ಹಡಗಲಿ ಮೇಷ್ಟ್ರು, ನಿವೃತ್ತರು, ಒಡೆದ ದನಿಯಲ್ಲಿ ಅಂದರು: ‘ಮೇಡಂ, ನಮ್ಮ ಗೆರಿ ಅಳಿಸಿದ್ರ ಬೈತೀರಿ. ನಿಮ್ಮ ದೊಡ್ಡವ್ವಗ ಬ್ಯಾರೆ ಕಾನೂನು ಐತೇನ್ರಿ?’ ಅವರು ತಮಾಷೆಗೆ ಅಂದಿದ್ದರು. ನನಗೆ ಚುಚ್ಚಿತು. ಎಲ್ಲರ ಎದುರಿಗೇ ದೊಡ್ಡವ್ವನ ಕಡೆ ತಿರುಗಿ ರೇಗಿದೆ. ‘ಇನ್ನೊಮ್ಮೆ ಗೆರಿ ಅಳಿಸಿಕೊಂಡು ಬಂದ್ರ ನಿನ್ನ ಈ ಗಾಡ್ಯಾಗ ಹತ್ತಸಂಗಿಲ್ಲ ನೋಡು.’

ಅವಳು ಸಿಟ್ಟಾಗಲಿಲ್ಲ. ಬಾಯಿಯ ಬಟ್ಟೆಯ ಒಳಗೇ ನಕ್ಕಳು. ‘ಊರಿಗೆ ಉಪಕಾರಿ, ಮನಿಗೆ ಮಾರಿ’ ಎಂದು ಪಕ್ಕದ ಸೀಟಿನವರಿಗೆ ನನ್ನನ್ನು ತೋರಿಸಿದಳು. ಟೆಂಪೊ ತುಂಬ ನಗು. ನಾನೂ ನಕ್ಕೆ.

ಮುಂದಿನ ಎರಡು ದಿನ ಅವಳ ಗೆರೆ ಸರಿಯಾಗೇ ಇದ್ದವು, ನಾನೂ ದಿನಾ ಪೆನ್ನಿನಲ್ಲಿ ತಿದ್ದಿ ಕಳಿಸುತ್ತಿದ್ದೆ. ಗುರುವಾರದಿಂದ ಮಷಿನ್ ಕೋಣೆಯ ಪಾಳಿ ಜೊತೆಯವರದು, ನನ್ನದು ಬಾಗಿಲ ಕೆಲಸ. ಸಂಜೆ ಅವರು ‘ನಿಮ್ಮ ದೊಡ್ಡವ್ವನ ಗೆರೆ ಸರಿ ಇದ್ದವು’ ಎಂದಷ್ಟೇ ಹೇಳಿದರು. ಹದಿನಾಲ್ಕು ಸಲ ಕರೆಂಟ್ ಮುಗಿದಿತ್ತು, ಇನ್ನು ಹನ್ನೊಂದು. ಶುಕ್ರವಾರ ಯಾವುದೋ ಬಿಡಿಭಾಗ ಕೆಟ್ಟು ಮಷಿನ್ ಬಂದ್ ಇತ್ತು. ಆಮೇಲೆ ಎರಡು ದಿನ ರಜೆ.

ಸೋಮವಾರ ಕೂಡ್ಲಿಗಿಯಲ್ಲಿ ಅವಳು ಮಗನ ಬೈಕಿನಿಂದ ಇಳಿಯುವುದೇ ಕಷ್ಟವಾಯಿತು. ಒಂದು ಕೈ ಸೊಂಟದ ಮೇಲಿತ್ತು. ಹಣೆಗೆ ಹಿಡಿದೆ, ನೂರೊಂದು. ನೆರಳಿನಲ್ಲಿ ಹತ್ತು ನಿಮಿಷ ಕೂರಿಸಿ ಮತ್ತೆ ಹಿಡಿದೆ, ನೂರೊಂದೂವರೆ. ಟೆಂಪೊದೊಳಗಿನ ಐದು ಮುಖಗಳೂ ನನ್ನನ್ನೇ ನೋಡುತ್ತಿದ್ದವು. ಮೇಷ್ಟ್ರು ಏನಾದರೂ ಅನ್ನುವ ಮೊದಲೇ ನಾನು ಅಂದೆ: ‘ಜ್ವರ ಐತಿ. ನೀನು ಬರಂಗಿಲ್ಲ. ಹಿಂಗ ತಾಲ್ಲೂಕು ಆಸ್ಪತ್ರಿಗೆ ಹೋಗಿ ಮೂಗಿಂದು ಟೆಸ್ಟ್ ಮಾಡಿಸು. ಹದಿನಾಲ್ಕು ದಿನ ಮನ್ಯಾಗಿರು.’

‘ಕೊರೊನಾ ಅಲ್ಲ ಬೇ ಇದು’ ಎಂದಳು. ಎರಡು ಹೆಜ್ಜೆ ಮುಂದೆ ಬಂದು ಸೆರಗಿಗೆ ಕೈ ಹಾಕಿದಳು. ‘ನಿನಗೊಂದು ತೋರಸಬೇಕು. ಇಲ್ಲಿ ಆ ಗ್ವಾಡಿ ಹಿಂದ ಬಾ.’

‘ದೂರ ನಿಲ್ಲು. ಮುಂದ ಬರಬ್ಯಾಡ’ ಎಂದೆ, ಹಿಂದೆ ಸರಿದೆ. ನಾನು ಹಿಂದೆ ಸರಿದದ್ದನ್ನು ಅವಳು ನೋಡಿದಳು. ಸೆರಗು ಬಿಟ್ಟಳು.

‘ಆತು, ಬಂದಾಗ ತೋರಸ್ತೀನಿ’ ಎಂದು ಮಗನ ಹಿಂದೆ ಮತ್ತೆ ಬೈಕ್ ಹತ್ತಿದಳು.

ನಾಲ್ಕನೇ ದಿನ ವರದಿ ಬಂತು, ಕೊರೊನಾ ಇಲ್ಲ. ನಮ್ಮ ದೊಡ್ಡ ಡಾಕ್ಟರು ನನ್ನನ್ನು ಕರೆದು, ‘ಇಷ್ಟು ದಿನ ಬಿಡುವು ಕೊಡುವುದು ಒಳ್ಳೆಯದಲ್ಲ, ನಿಮ್ಮ ದೊಡ್ಡವ್ವನನ್ನು ನಾಳೆ ಕಡೆಯ ಪಾಳಿಗೆ ಕರೆತರಬಹುದಲ್ಲ?’ ಎಂದರು. ಆಗ ನಾನು ಹೇಳಿದ ಮಾತು ಇದು: ‘ಜ್ವರ ಇನ್ನೂ ಇದೆ ಸರ್. ವರದಿಗಳು ತಪ್ಪುವುದೂ ಉಂಟು. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ.’ ಅವರು ಸರಿ ಎಂದರು. ನನ್ನ ನಿಷ್ಠೆಗೆ ಮೆಚ್ಚಿಕೊಂಡರೋ ಏನೋ. ಅವತ್ತು ನನಗೆ ಹೆಮ್ಮೆಯೇ ಆಗಿತ್ತು.

ದಿನಾ ಸಂಜೆ ಫೋನ್ ಮಾಡುತ್ತಿದ್ದೆ. ‘ಆರಾಮ ಅದೀನಿ’ ಅನ್ನುತ್ತಿದ್ದಳು. ಜ್ವರದ ಗುಳಿಗೆ ನುಂಗಿದೆಯಾ ಎಂದರೆ ಹೂಂ ಅನ್ನುತ್ತಿದ್ದಳು. ಒಂದು ದಿನ ಮಾತ್ರ, ‘ಈ ಸಲ ನೀ ಬೈಯಂಗಿಲ್ಲ ನೋಡು’ ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ.

ಹನ್ನೊಂದನೆಯ ದಿನ ಬೆಳಗ್ಗೆ ಅವಳ ಮಗ ಫೋನ್ ಮಾಡಿದ. ರಕ್ತಸ್ರಾವ ಶುರುವಾಗಿದೆ, ಮೈ ಕೆಂಡದಂತೆ ಸುಡುತ್ತಿದೆ, ಮಾತು ತೊದಲುತ್ತಿದೆ ಎಂದ. ನಾನು ಆಂಬ್ಯುಲೆನ್ಸಿಗೆ ಹುಡುಕಾಡಿದೆ. ಸಿಕ್ಕವೆಲ್ಲ ಕೊರೊನಾದವರನ್ನು ಸಾಗಿಸುತ್ತಿದ್ದವು. ಕೊನೆಗೆ ಅವನು ಪಕ್ಕದ ಊರಿನ ಗೂಡ್ಸ್ ಗಾಡಿ ತಂದು ಅವಳನ್ನು ಮಲಗಿಸಿದನಂತೆ. ಗಾಡಿ ಊರು ದಾಟುವ ಮೊದಲೇ ಹೋದಳು.

ನಾನು ಅವಳ ಊರು ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಅಂಗಳದಲ್ಲಿ ಜನವೇ ಇರಲಿಲ್ಲ. ವರದಿಯಲ್ಲಿ ಇಲ್ಲ ಎಂದಿದ್ದರೂ ಜ್ವರದಿಂದ ಸತ್ತವಳು ಎಂದು ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಮಣ್ಣಿಗೆ ಒಯ್ಯುವ ಮುಂಚೆ ಮೈ ತೊಳೆಯಲು ಸೊಸೆ, ನಾನು, ಮತ್ತೆ ಓಣಿಯ ಕೊನೆಯಲ್ಲಿದ್ದ ಒಬ್ಬ ಮುದುಕಿ, ಮೂವರೇ. ಆ ಮುದುಕಿ ಹರೆಯದಲ್ಲಿ ಊರೂರು ತಿರುಗಿ ಹಚ್ಚೆ ಹಾಕುತ್ತಿದ್ದವಳು. ದೊಡ್ಡವ್ವನ ಮುಂಗೈಯ ಚೇಳೂ ಅವಳದೇ ಕೈಕೆಲಸ.

ನಾನು ಆಸ್ಪತ್ರೆಯ ಕೈಗವಸು ಹಾಕಿಕೊಂಡು ಸೀರೆ ಸರಿಸಿದೆ.

ಮೂರು ಗುರುತೂ ಅಲ್ಲಿದ್ದವು. ಶಾಯಿಯವಲ್ಲ, ಹಚ್ಚೆಯವು. ಹೊಕ್ಕುಳಿನ ಕೆಳಗಿನದು ಹಕ್ಕಳೆ ಕಟ್ಟಿತ್ತು. ಎಡ ಸೊಂಟದ್ದು ಬೊಗಸೆಯಷ್ಟು ಬಾತು, ಕೆಂಪೇರಿ, ನಡುವೆ ಕೀವಾಗಿತ್ತು. ಕರೆಂಟಿಗೆ ಮೊದಲೇ ಬೆಂದು ಸೋತಿದ್ದ ಚರ್ಮ ಅದು. ಸೂಜಿ ಚುಚ್ಚಿದ್ದು ಮಾಯಲು ಅದಕ್ಕೆ ಶಕ್ತಿಯೇ ಇರಲಿಲ್ಲ.

‘ನಾನ ಹಾಕಿದ್ದು ತಾಯಿ’ ಎಂದಳು ಮುದುಕಿ. ‘ಗುರುವಾರ ಸಂಜಿಮುಂದ ಆಸ್ಪತ್ರಿಯಿಂದ ಬಂದಾಕಿ ಜಳಕಾನೂ ಮಾಡದಂಗ ಸೀದಾ ನನ್ನ ಮನಿಗೆ ಬಂದ್ಲು. ಗೆರಿ ಹಸೇವು ಅದಾವ, ಇದರ ಮ್ಯಾಲ ಚುಚ್ಚು ಅಂದ್ಲು. ಕೈ ನಡಗತಾವ ಅಂದ್ರೂ ಕೇಳಲಿಲ್ಲ. ನನ್ನ ಮಗಳು ಜಳಕಾನೂ ಮಾಡು ಅಂತಾಳ, ಗೆರೀನೂ ಅಳಿಸಬ್ಯಾಡ ಅಂತಾಳ, ಎರಡೂ ನಡೀಬೇಕಂದ್ರ ಇದೊಂದ ದಾರಿ ಅಂದ್ಲು. ಚುಚ್ಚೋವಾಗ ನಕ್ಕಾಕಿ.’

ನನ್ನ ಮಗಳು. ದೊಡ್ಡವ್ವನಿಗೆ ಹೆಣ್ಣುಮಕ್ಕಳಿರಲಿಲ್ಲ. ಆ ಮಾತು ನನಗೆ.

ಮಿಕ್ಕ ಲೆಕ್ಕವನ್ನು ನಾನು ಅಲ್ಲೇ ಕೂತು ಹಾಕಿದೆ. ಗುರುವಾರ ಸೂಜಿ, ಸೋಮವಾರ ಜ್ವರ. ಕೂಡ್ಲಿಗಿಯ ಆ ಗೋಡೆಯ ಹಿಂದೆ ಎರಡು ನಿಮಿಷ ಹೋಗಿದ್ದರೆ, ಅವಳು ಸೆರಗು ಸರಿಸಿ ತೋರಿಸಲಿದ್ದುದನ್ನು ನೋಡಿದ್ದರೆ, ಬೈದಾದರೂ ಟೆಂಪೊ ಬಿಟ್ಟು ಅವಳನ್ನು ತಾಲ್ಲೂಕು ಆಸ್ಪತ್ರೆಗೆ ನಾನೇ ಕರೆದೊಯ್ಯುತ್ತಿದ್ದೆ. ಕೀವಿಗೆ ಔಷಧಿ ಇದೆ. ವಾರದಲ್ಲಿ ಮತ್ತೆ ಕರೆಂಟ್ ಶುರುವಾಗುತ್ತಿತ್ತು. ಬದುಕುತ್ತಿದ್ದಳು ಎಂದು ಖಚಿತವಾಗಿ ಹೇಳಲಾರೆ, ಡಾಕ್ಟರೂ ಹೇಳಲಿಲ್ಲ. ಆದರೆ ಹಾಗೆ ಹೋಗುತ್ತಿರಲಿಲ್ಲ. ಕ್ಯಾನ್ಸರಿಗೆ ಅಂಜದವಳು ನನ್ನ ಬೈಗುಳಕ್ಕೆ ಅಂಜಿ ಸೂಜಿಗೆ ಮೈಯೊಡ್ಡಿದಳು.

ಮೈ ತೊಳೆಯುವಾಗ ಹುಚ್ಚಿಯ ಹಾಗೆ ಒಂದು ಕೆಲಸ ಮಾಡಿದೆ. ಬೆರಳಿನಿಂದ ಅಳೆದೆ. ಹೊಕ್ಕುಳಿನಿಂದ ಎಷ್ಟು, ಸೊಂಟದ ಎಲುಬಿನಿಂದ ಎಷ್ಟು. ಆ ಅಳತೆ ನನಗೆ ಬಾಯಿಪಾಠ. ನಡುಗುವ ಕೈಯ ಮುದುಕಿ ಒಂದು ಕೂದಲೆಳೆಯಷ್ಟೂ ಆಚೀಚೆ ಮಾಡಿರಲಿಲ್ಲ. ನನ್ನ ಪೆನ್ನಿನ ಗೆರೆಗಿಂತ ನೇರವಾಗಿದ್ದವು. ಸೊಸೆ ಬಿಸಿನೀರು ಸುರಿದಳು, ನಾನು ತಿಕ್ಕಿದೆ. ನೀರು ಹರಿದುಹೋಯಿತು, ಗೆರೆ ಉಳಿದವು. ಆಗ ಅತ್ತೆ. ಬಾಯಿಯ ಬಟ್ಟೆ ಕಿತ್ತು ಹಾಕಿ, ಅವಳ ಹೊಟ್ಟೆಯ ಮೇಲೆ ಹಣೆಯಿಟ್ಟು ಅತ್ತೆ. ಎಷ್ಟು ದೂರ ನಿಲ್ಲಬೇಕು ಎಂದು ನೆನಪಿಸಲು ಅಲ್ಲಿ ಯಾರೂ ಇರಲಿಲ್ಲ.

ನಮ್ಮ ಕೇಂದ್ರ ಒಂದು ದಿನವೂ ರೋಗದಿಂದ ಮುಚ್ಚಲಿಲ್ಲ. ಆ ಟೆಂಪೊದಲ್ಲಿ ಬಂದ ಉಳಿದ ಐವರೂ ಚಿಕಿತ್ಸೆ ಮುಗಿಸಿದರು. ಮೇಷ್ಟ್ರು ಈಗಲೂ ಹಡಗಲಿಯಿಂದ ತಪಾಸಣೆಗೆ ಬರುತ್ತಾರೆ, ಮೈಲಾರದ ಗುಡಿಯ ಅರಿಶಿನ ಭಂಡಾರ ತಂದುಕೊಡುತ್ತಾರೆ. ‘ನಿಮ್ಮ ಬಿಗೀನ ನಮ್ಮನ್ನ ಉಳಸ್ತು ಮೇಡಂ’ ಅನ್ನುತ್ತಾರೆ. ಅದು ಸುಳ್ಳಲ್ಲ. ಭಂಡಾರ ಹಣೆಗೆ ಹಚ್ಚಿಕೊಂಡು ಮುಂದಿನ ರೋಗಿಯನ್ನು ಕರೆಯುತ್ತೇನೆ.

ಗೆರೆ ಎಳೆಯುವ ಕೆಲಸ ಬಿಟ್ಟಿಲ್ಲ. ಮೊನ್ನೆ ಉಜ್ಜಿನಿಯ ಕಡೆಯ ಒಬ್ಬಾಕೆ ಗೆರೆ ಅಳಿಸಿಕೊಂಡು ಬಂದು, ಮೇಜಿನ ಮೇಲೆ ಮಲಗದೆ ಗೋಡೆ ಹಿಡಿದು ನಿಂತಿದ್ದಳು. ‘ಬೆವರಿಗೆ ಹೋಗೇತ್ರಿ. ಬೈಬ್ಯಾಡ್ರಿ’ ಎಂದಳು.

‘ಹೋದ್ರ ಹೋಗಲಿ ಬಿಡವ್ವ’ ಎಂದೆ. ‘ಎಷ್ಟು ಸಲ ಹೋದ್ರೂ ಮತ್ತ ಹಾಕ್ತೀನಿ. ಬಾ, ಮಲಕ್ಕೋ.’