ಇಟಲಿಯ ಅಜ್ಜನನ್ನು ನೋಡಿ ನಕ್ಕ ಶನಿವಾರ

ಸಿಂಧನೂರಿನ ಸುತ್ತಲಿನ ಕಾಲುವೆ ಹಳ್ಳಿಗಳಿಗೆ ಹಳದಿ ಬಣ್ಣದ ಸ್ಕೂಲ್ ವ್ಯಾನುಗಳು ಬರತೊಡಗಿದ ಹೊಸತು ಅದು. ಅಂಥ ವ್ಯಾನಿನಲ್ಲಿ ಕೂತು ಶಾಲೆಗೆ ಹೋದವರು ನಿಮ್ಮಲ್ಲೂ ಇರಬಹುದು. ಇದ್ದರೆ ಅದರ ವಾಸನೆಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಡೀಸೆಲ್ಲು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಯಾರದೋ ಡಬ್ಬಿಯಿಂದ ಚೀಲಕ್ಕಿಳಿದ ಪುಂಡಿಪಲ್ಯದ ಹುಳಿ, ಎಲ್ಲ ಸೇರಿ ಒಂದೇ ವಾಸನೆ. ಸುಗ್ಗಿಯಲ್ಲಿ ಕಿಟಕಿಯಿಂದ ಹಸಿ ಹುಲ್ಲಿನ ಘಮವೂ ನುಗ್ಗುತ್ತಿತ್ತು. ರೈತರು ನೆಲ್ಲನ್ನು ಡಾಂಬರು ರಸ್ತೆಯ ಅರ್ಧಕ್ಕೆ ಹರವಿ ಒಣಗಿಸುತ್ತಿದ್ದರು. ಅದರ ಮೇಲೆ ಗಾಲಿ ಹಾಯದ ಹಾಗೆ ವ್ಯಾನು ಓಡಿಸುವುದೇ ಒಂದು ಕಸುಬು. ನಮ್ಮಪ್ಪ ಹುಲಿಗೆಪ್ಪ ಆ ಕಸುಬಿನಲ್ಲಿ ಪಳಗಿದವನು. ನಾನು ಏಳನೆಯ ತರಗತಿಯಲ್ಲಿದ್ದೆ. ನಾನು ಓದುವ ಶಾಲೆಯ ವ್ಯಾನಿಗೇ ಅಪ್ಪ ಡ್ರೈವರ್.

ಅಪ್ಪನಿಗೆ ಸಣ್ಣವನಿದ್ದಾಗಿನಿಂದ ಕಿವಿ ಸೋರುತ್ತಿತ್ತಂತೆ. ನನಗೆ ತಿಳುವಳಿಕೆ ಬರುವ ಹೊತ್ತಿಗೆ ಎಡಗಿವಿ ಹೋಗಿಬಿಟ್ಟಿತ್ತು. ಬಲಗಿವಿ ಇತ್ತು, ಆದರೆ ಅದೂ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಿದೆ ಎಂದು ರಾಯಚೂರಿನ ಡಾಕ್ಟರು ಹೇಳಿದ್ದರು. ಇದು ಅಪ್ಪ, ಅವ್ವ, ನಾನು, ಮೂವರಿಗಷ್ಟೇ ಗೊತ್ತು; ತಮ್ಮ ಇನ್ನೂ ತೀರ ಸಣ್ಣವನು. ಯಾರ ಮುಂದೂ ಹೇಳಬಾರದೆಂದು ಅವ್ವ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಮನೆಯಲ್ಲಿ ಮಾತನಾಡಲು ಕೂತರೆ ಅಪ್ಪ, “ಸುಜಿ, ಈ ಕಡಿ ಬಾ” ಎಂದು ಬಲಕ್ಕೆ ಕರೆದು ಕೂಡಿಸಿಕೊಳ್ಳುತ್ತಿದ್ದ. ಅವನಷ್ಟು ಮಾತು ಬೇಕಾದ ಮನುಷ್ಯನನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ. ಶಾಲೆಯಲ್ಲಿ ಏನಾಯಿತು, ಮಧ್ಯಾಹ್ನ ಯಾರ ಡಬ್ಬಿಯಲ್ಲಿ ಏನಿತ್ತು, ಕಲ್ಲಾಟದಲ್ಲಿ ಗೆದ್ದವರಾರು, ಎಲ್ಲ ಅವನಿಗೆ ಬೇಕು. ಗುರೆಳ್ಳು ಚಟ್ನಿ ಹಚ್ಚಿದ ಸಜ್ಜಿ ರೊಟ್ಟಿ ಕೈಯಲ್ಲೇ ಒಣಗಿದರೂ ಕೇಳುತ್ತ ಕೂತಿರುತ್ತಿದ್ದ.

ವ್ಯಾನಿನಲ್ಲಿ ಡ್ರೈವರ್ ಬಲಗಡೆ. ಹೊರಗಿನ ಹಾರ್ನ್ ಆ ಕಿವಿಗೆ ಹೇಗೋ ಬೀಳುತ್ತಿತ್ತು. ಮಕ್ಕಳು ಕೂರುವುದು ಅವನ ಎಡಕ್ಕೆ ಮತ್ತು ಹಿಂದಕ್ಕೆ. ಆ ಕಡೆಯ ಸದ್ದು ಅವನ ಪಾಲಿಗೆ ಇಲ್ಲವೇ ಇಲ್ಲ. ಅದಕ್ಕೇ ನಾನು ಅಪ್ಪನ ಪಕ್ಕದ ಬಾನೆಟ್ ಮೇಲೆ, ಇಂಜಿನ್ ಬಿಸಿಗೆ ಗೋಣಿತಟ್ಟು ಹಾಕಿಕೊಂಡು ಕೂರುತ್ತಿದ್ದೆ. ಯಾರಾದರೂ ನಿಲ್ಲಿಸಿ ಎಂದರೆ ಅವನ ಎಡತೋಳಿಗೆ ಒಂದು ಸಲ ತಟ್ಟುವುದು. ಇಳಿಯುವವರೆಲ್ಲ ಇಳಿದು ಬಾಗಿಲು ಬಿದ್ದ ಮೇಲೆ, ಹೊರಡಲು, ಎರಡು ಸಲ. ಇದು ನಮ್ಮಿಬ್ಬರ ಒಪ್ಪಂದ. ಉಳಿದ ಮಕ್ಕಳು ನನ್ನನ್ನು ಡ್ರೈವರ್ ಮಗಳೆಂಬ ಗತ್ತಿನವಳು ಅಂದುಕೊಂಡಿದ್ದರು.

ಆ ವರ್ಷ ನಮಗೆ ಇಂಗ್ಲಿಷ್ ಕಲಿಸಲು ಮಸ್ಕಿಯಿಂದ ರೇಣುಕಾ ಮಿಸ್ ಬರುತ್ತಿದ್ದರು. ಹೊಸದಾಗಿ ಓದು ಮುಗಿಸಿ ಬಂದವರು. ನಮಗೆ ಏನಾದರೂ ತೋರಿಸಬೇಕು, ಕೇಳಿಸಬೇಕು ಎಂಬ ಹುರುಪು. ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಯುವ ಮೊದಲು ಎಲ್ಲರನ್ನೂ ದೊಡ್ಡ ಕೋಣೆಗೆ ಕರೆದು, ಕಿಟಕಿಗೆ ಜಮಖಾನೆ ಕಟ್ಟಿಸಿ, ಟೀವಿಗೆ ಡಿವಿಡಿ ಹಾಕಿದರು. ಇದು ಇಟಲಿ ದೇಶದ ನಗೆನಾಟಕ, ಒಂದು ದೊಡ್ಡ ರಂಗಮಂದಿರದಲ್ಲಿ ಆಡುವಾಗ ಚಿತ್ರ ತೆಗೆದದ್ದು, ಇದರಲ್ಲಿ ಬರೀ ಮಾತೆಂಬುದೇ ಇಲ್ಲ, ಜಗಳವನ್ನೂ ಹಾಡಿಯೇ ಆಡುತ್ತಾರೆ ಎಂದರು. ನಮಗೆ ಅಲ್ಲಿಗೇ ನಗು ಬಂತು.

ಮೊದಲಿಗೆ ಕೆಂಪು ಮಖಮಲ್ಲಿನ ಪರದೆ. ಅದರ ಕೆಳಗೆ ಒಂದು ತಗ್ಗು, ಆ ತಗ್ಗಿನಲ್ಲಿ ಪಿಟೀಲು ಬಾರಿಸುವವರ ಬೋಳುತಲೆಗಳು. ಪರದೆ ಸರಿದರೆ ಬಿಳಿ ಕೂದಲಿನ, ಡೊಳ್ಳುಹೊಟ್ಟೆಯ ಒಬ್ಬ ಅಜ್ಜ. ದೊಡ್ಡ ಮನೆ, ಅಜ್ಜನಿಗೊಬ್ಬಳು ತಂಗಿಯ ಮಗಳು, ಅವಳನ್ನು ಪ್ರೀತಿಸುವ ಒಬ್ಬ ಹುಡುಗ, ಒಬ್ಬ ಚಾಲಾಕಿ ಆಳು. ಅಜ್ಜನಿಗೆ ಕಿವಿ ಕೇಳದು. ಕಹಳೆಯಂಥದ್ದೊಂದನ್ನು ಕಿವಿಗೆ ಹಿಡಿದು ಓಡಾಡುತ್ತಾನೆ. ಆಳು ಅದರ ಬಾಯಿಗೆ ಅರಿವೆ ತುರುಕಿಬಿಡುತ್ತಾನೆ. ಹುಡುಗ, ಹುಡುಗಿ ಅಜ್ಜನ ಬೆನ್ನಿಗೇ ನಿಂತು, ಇವತ್ತು ಓಡಿಹೋಗೋಣ ಎಂದು ಗಂಟಲು ಬಿರಿಯುವಂತೆ ಹಾಡುತ್ತಾರೆ. ಅಜ್ಜ ಪಿಟೀಲಿನವರ ಕೈ ನೋಡಿ ತಾಳ ಹಾಕುತ್ತ, ತನ್ನನ್ನೇ ಹೊಗಳುತ್ತಿದ್ದಾರೆಂದು ತಲೆ ತೂಗುತ್ತಾನೆ. ಮಿಸ್ ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಹೇಳುವುದೂ ಬೇಕಾಗಲಿಲ್ಲ. ಆಳು ಎದುರಿಗೆ ನಿಂತು ಸದ್ದಿಲ್ಲದೆ ಬಾಯಿ ಮಾತ್ರ ಆಡಿಸಿದಾಗ, ಅಜ್ಜ ಹೌದು ಹೌದೆಂದು ಕೈ ಮುಗಿದಾಗ, ನಾವು ಒಬ್ಬರ ಮೇಲೊಬ್ಬರು ಬಿದ್ದು ನಕ್ಕೆವು. ನಾನೂ ನಕ್ಕೆ. ನನ್ನ ಗೆಳತಿ ಗಂಗಾ ನನ್ನ ತೊಡೆ ಗುದ್ದಿ ಗುದ್ದಿ ನಗುತ್ತಿದ್ದಳು.

ಮಕ್ಕಳನ್ನು ಕರೆದೊಯ್ಯಲು ಬೇಗ ಬಂದಿದ್ದ ಅಪ್ಪ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ. ಮೊದಮೊದಲು ಅವನ ಮುಖ ಅರಳಿತ್ತು. ಆ ಭಾಷೆ ಅಲ್ಲಿ ಯಾರಿಗೂ ತಿಳಿಯದು, ಎಲ್ಲರೂ ಕಣ್ಣಿನಿಂದಲೇ ತಿಳಿದುಕೊಳ್ಳಬೇಕು. ಅದರಲ್ಲಿ ಅಪ್ಪ ಎಲ್ಲರಿಗಿಂತ ಮುಂದೆ. ನಮಗಿಂತ ಮೊದಲೇ ಅವನಿಗೆ ನಗು ಬರುತ್ತಿತ್ತು. ಆಮೇಲೆ ಯಾವಾಗಲೋ ನಾನು ನಗುತ್ತಲೇ ತಿರುಗಿ ನೋಡಿದೆ. ಅಪ್ಪ ನಗುತ್ತಿರಲಿಲ್ಲ. ಟೀವಿಯನ್ನೂ ನೋಡುತ್ತಿರಲಿಲ್ಲ. ನಗುವ ನಮ್ಮನ್ನು ನೋಡುತ್ತಿದ್ದ. ನನ್ನ ಕಣ್ಣು ತಾಗಿದೊಡನೆ ಕೊರಳಿನ ಟವಲ್ಲು ಸರಿಮಾಡಿಕೊಂಡು ವ್ಯಾನಿನ ಕಡೆ ನಡೆದುಬಿಟ್ಟ.

ನಾಟಕ ಮುಗಿಯುವ ಮೊದಲೇ ಕರೆಂಟ್ ಹೋಯಿತು. ಕೊನೆಗೆ ಅಜ್ಜನಿಗೆ ಎಲ್ಲ ತಿಳಿಯುತ್ತದೆ, ಆದರೂ ಕ್ಷಮಿಸಿ ಮದುವೆ ಮಾಡಿಸುತ್ತಾನೆ ಎಂದು ಮಿಸ್ ಬಾಯಿಮಾತಿನಲ್ಲಿ ಹೇಳಿದರು. ಕೇಳಲು ಯಾರೂ ಇರಲಿಲ್ಲ. ಹುಡುಗರು ಆಗಲೇ ಅಂಗಳದಲ್ಲಿ ಕಿವಿಗೆ ಕೈ ಹಿಡಿದು ಅಜ್ಜನ ಆಟ ಆಡುತ್ತಿದ್ದರು.

ಸೋಮವಾರದ ಹೊತ್ತಿಗೆ ಆ ಆಟ ವ್ಯಾನಿಗೂ ಬಂತು. ಮೊದಲು ಕಂಡುಹಿಡಿದವಳು ಗಂಗಾ. ಇಳಿಯುವಾಗ ಅಪ್ಪನ ಮುಂದೆ ನಿಂತು ಸದ್ದಿಲ್ಲದೆ ಬಾಯಿ ಆಡಿಸಿದಳು. ಅಪ್ಪ ವಾಡಿಕೆಯಂತೆ, “ಹೂನವ್ವಾ, ಆತು” ಎಂದ. ವ್ಯಾನಿಗೆ ವ್ಯಾನೇ ನಕ್ಕಿತು. ಮರುದಿನ ಎಲ್ಲರೂ ಸರದಿ ಹಿಡಿದರು. ಹಿಂದಿನಿಂದ ಏನೇನೋ ಕೂಗುವುದು, ಅಪ್ಪ ತಿರುಗದಿದ್ದರೆ ಚಪ್ಪಾಳೆ. ಅವನಿಗೆ “ಇಟಲಿ ಅಜ್ಜ” ಎಂದು ಹೆಸರಿಟ್ಟರು. ಗಂಗಾ ನನ್ನನ್ನು ಕೇಳಿಯೂ ಬಿಟ್ಟಳು: “ಸುಜಾತಾ, ಖರೇ ಹೇಳು, ನಿಮ್ಮಪ್ಪಗ ಕಿವಿ ಕೇಳಂಗಿಲ್ಲ?” ಕೇಳುತ್ತದೆ ಎಂದು ಜೋರಾಗಿಯೇ ಹೇಳಿದೆ. ಹಾಗಾದರೆ ನೀನು ಬಾನೆಟ್ ಮೇಲೇ ಯಾಕೆ ಕೂರುತ್ತೀ, ಹಿಂದೆ ನಮ್ಮ ಸಂಗಡ ಬಾ ಎಂದಳು. ಹೋದೆ. ಮರುದಿನ ನಾನು ವ್ಯಾನು ಹತ್ತಿ ಬಾನೆಟ್ ದಾಟಿ ಹಿಂದಿನ ಸೀಟಿಗೆ ಹೋಗಿ ಕೂತೆ. ಅಪ್ಪ ಎದುರಿನ ಕನ್ನಡಿಯಲ್ಲಿ ನೋಡಿದ. ಗೋಣಿತಟ್ಟನ್ನು ಒಮ್ಮೆ ಕೊಡವಿ, ಅಲ್ಲೇ ಹಾಸಿ, ವ್ಯಾನು ಬಿಟ್ಟ. ಅಂದು ಸಂಜೆ ಮನೆಯಲ್ಲಿ ಏನೂ ಕೇಳಲಿಲ್ಲ.

ವಾರ ಮುಗಿಯುವವರೆಗೂ ಹಾಗೇ ನಡೆಯಿತು. ಮರುವಾರ ಮಂಗಳವಾರ ಸಂಜೆ ಗೊರೇಬಾಳದ ನಿಲುಗಡೆಯಲ್ಲಿ ಒಂದನೆಯ ತರಗತಿಯ ಲಾವಣ್ಯ ಇಳಿದಳು. ತೆಲುಗು ಮಾತಾಡುವ ಮನೆಯ, ಚೀಲಕ್ಕಿಂತ ಸಣ್ಣ ಹುಡುಗಿ. ಯಾರೋ ಬಾಗಿಲು ಹಾಕಿದರು. ಅವಳ ಚೀಲದ ಪಟ್ಟಿ ಬಾಗಿಲಲ್ಲಿ ಸಿಕ್ಕಿಕೊಂಡಿತು. ಕನ್ನಡಿಯಲ್ಲಿ ಕಾಣುವಷ್ಟು ಎತ್ತರ ಆ ಹುಡುಗಿಗಿರಲಿಲ್ಲ. ವ್ಯಾನು ಹೊರಟಿತು.

ಮುಂದಿದ್ದವರು ಕೂಗಿದರು. ಹಿಂದಿದ್ದವರು ಅದೂ ಆಟವೇ ಎಂದುಕೊಂಡು ನಕ್ಕು ತಾವೂ ಕೂಗಿದರು. ನನಗೆ ಕಿಟಕಿಯಿಂದ ಲಾವಣ್ಯಳ ರಿಬ್ಬನ್ನು ವ್ಯಾನಿನ ಪಕ್ಕಕ್ಕೇ ಓಡುವುದು ಕಂಡಿತು. ಆಮೇಲೆ ಕಾಣಲಿಲ್ಲ. ಸೀಟುಗಳ ನಡುವೆ ನಿಂತ ಮಕ್ಕಳನ್ನು, ಚೀಲಗಳನ್ನು ತುಳಿದು ನಾನು ಮುಂದೆ ಬರುವಷ್ಟರಲ್ಲಿ ಎಷ್ಟು ಹೊತ್ತಾಯಿತೋ ತಿಳಿಯದು. ಅಪ್ಪನ ತೋಳಿಗೆ ಎರಡೂ ಕೈಯಿಂದ ಹೊಡೆದೆ. ಬ್ರೇಕ್ ಬಿತ್ತು.

ಲಾವಣ್ಯಳ ಎರಡು ಮೊಣಕಾಲಿನ, ಒಂದು ಅಂಗೈಯ ಚರ್ಮ ಕಿತ್ತುಹೋಗಿತ್ತು. ಹತ್ತು ಹೆಜ್ಜೆಯಷ್ಟು ಎಳೆದಿತ್ತು ವ್ಯಾನು. ಪಟ್ಟಿ ಹರಿದಿದ್ದರಿಂದ ಗಾಲಿಗೆ ಸಿಗದೆ, ರಸ್ತೆಗೆ ಹರವಿದ ನೆಲ್ಲಿನ ಮೇಲೆ ಬಿದ್ದಿದ್ದಳು. ಅಪ್ಪ ಅವಳನ್ನು ಎತ್ತಿಕೊಂಡು, ಗಾಯಕ್ಕೆ ಅಂಟಿದ ನೆಲ್ಲಿನ ಕಾಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ಹುಡುಗಿ ಅಳುತ್ತ, “ನಾನು ಕೂಗಿದೆ, ನಾನು ಕೂಗಿದೆ” ಎಂದು ಅವನಿಗೇ ಹೇಳುತ್ತಿದ್ದಳು. ಅವಳ ತುಟಿಯನ್ನೇ ನೋಡುತ್ತಿದ್ದ ಅಪ್ಪನಿಗೆ ಅದು ತಿಳಿಯದೆ ಇರಲಿಲ್ಲ.

ಮರುದಿನ ಹೆಡ್‌ಮಾಸ್ತರರು ನನ್ನನ್ನು ಕರೆಸಿದರು. ಕೆಟ್ಟವರಲ್ಲ. ಲಾವಣ್ಯಳ ಮನೆಯವರು ಬಂದು ಹೋಗಿದ್ದಾರೆ, ಸಣ್ಣ ಮಕ್ಕಳು ಒಂದೊಂದು ಥರ ಹೇಳುತ್ತಿದ್ದಾರೆ, ನೀನು ದೊಡ್ಡವಳು, ನಿಜ ಹೇಳು ಎಂದರು. ಮಕ್ಕಳು ಕೂಗಿದರೋ ಇಲ್ಲವೋ? ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಹೇಳಿದೆ: “ಯಾರೂ ಕೂಗಿಲ್ಲ ಸರ್. ಅಕಿ ತಾನ ಓಡಾಕ ಹೋಗಿ ಬಿದ್ಲು.” ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು. ಹೊರಗೆ ಬಂದರೆ ಬ್ಯಾಂಡೇಜು ಸುತ್ತಿದ ಕೈ ಹಿಡಿದುಕೊಂಡು ಲಾವಣ್ಯ ಅಜ್ಜಿಯ ಸಂಗಡ ಜಗುಲಿಯಲ್ಲಿ ಕೂತಿದ್ದಳು. ಬಾಗಿಲು ತೆರೆದೇ ಇತ್ತು. ನಾನು ಹೇಳಿದ್ದು ಅವಳಿಗೆ ಕೇಳಿಸಿತ್ತು. ಅವಳು ಅಳಲಿಲ್ಲ. ನನ್ನನ್ನು ನೋಡಿ ಅಜ್ಜಿಯ ಸೆರಗಿನ ಒಳಗೆ ಸರಿದಳು.

ಸಂಜೆ ಹೆಡ್‌ಮಾಸ್ತರರು ಅಪ್ಪನನ್ನು ಕರೆದು, ನಿಮ್ಮ ಮಗಳ ಮಾತಿನಿಂದ ವಿಷಯ ಮುಗಿಯಿತು, ಇನ್ನು ಮೇಲೆ ಜೋಪಾನ ಎಂದರಂತೆ. ಮನೆಗೆ ಬಂದ ಅಪ್ಪ ಕೈಕಾಲು ತೊಳೆದು ಗೋಡೆಗೆ ಒರಗಿ ಕೂತ. ಅವ್ವ ಸಮಾಧಾನದಿಂದ ಚಹಾ ಮಾಡಿ ತಂದಳು. ಅಪ್ಪ ನನ್ನನ್ನು ಬಲಕ್ಕೆ ಕರೆಯಲಿಲ್ಲ.

ಬೆಳಿಗ್ಗೆ ವ್ಯಾನು ನಿಲ್ಲಿಸಿದವನೇ ನನ್ನ ಕೈ ಹಿಡಿದು ಹೆಡ್‌ಮಾಸ್ತರರ ಕೋಣೆಗೆ ಕರೆದೊಯ್ದ. ಚಾವಿಯನ್ನು ಮೇಜಿನ ಮೇಲಿಟ್ಟ. “ಸರ, ನಮ್ಮ ಹುಡುಗಿ ಸುಳ್ಳ ಹೇಳ್ಯಾಳರೀ. ಮಕ್ಕಳು ಕೂಗ್ಯಾರ, ಆ ಸಣ್ಣ ಕೂಸೂ ಕೂಗೈತಿ. ನನಗ ಕೇಳಿಲ್ಲ. ಎಡಗಿವಿ ಮೊದಲ ಇಲ್ಲ, ಈಗ ಇದೂ ಹೊಂಟೈತಿ. ಹೇಳದ ನಾ ತಪ್ಪು ಮಾಡೀನಿ” ಎಂದ. ಹೆಡ್‌ಮಾಸ್ತರರು ಚಾವಿಯನ್ನು ಡ್ರಾಯರಿಗೆ ಹಾಕಿದರು. ಅಪ್ಪ ಜಗುಲಿಗೆ ಬಂದು ನನ್ನ ಎದುರು ಕುಕ್ಕರಗಾಲಲ್ಲಿ ಕೂತು, ನನ್ನ ಮುಖ ತನ್ನ ಕಡೆ ತಿರುಗಿಸಿಕೊಂಡ.

“ನನ್ನ ಕಿವಿ ಹ್ವಾದ್ವು. ನಿನ್ನ ಬಾಯಿ ಯಾಕ ಕೆಡಬೇಕು?”

ಅಷ್ಟೇ ಹೇಳಿದ್ದು. ಬೈಯಲಿಲ್ಲ. ಗೇಟು ದಾಟಿ ನಡೆದುಕೊಂಡು ಮನೆಗೆ ಹೋದ. ನಾನು ಹಿಂದಿನ ಸೀಟಿಗೆ ಯಾಕೆ ಹೋದೆ ಎಂದು ಅಂದೂ ಕೇಳಲಿಲ್ಲ, ಮುಂದೆಂದೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ. ನಾಚಿಕೆಯಾಗಿತ್ತು ಅಪ್ಪಾ, ನಿನ್ನ ಪಕ್ಕ ಕೂರಲು ನಾಚಿಕೆಯಾಗಿತ್ತು, ತಪ್ಪಾಯಿತು ಎಂದು ಹೇಳಬೇಕೆಂದು ಎಷ್ಟೋ ಸಂಜೆ ಅವನ ಬಲಕ್ಕೆ ಹೋಗಿ ಕೂತಿದ್ದೇನೆ. ಆದರೆ ಆ ಕಿವಿಯೂ ಬೇಗ ಬೇಗ ಕೈಬಿಡುತ್ತಿತ್ತು. ಗೋಡೆಗೆ ಗೋಡೆ ಹತ್ತಿದ ಸಾಲುಮನೆಗಳು ನಮ್ಮವು. ಅಂಥ ಮಾತನ್ನು ಓಣಿಗೆಲ್ಲ ಕೇಳುವಂತೆ ಕೂಗಿ ಹೇಳುವುದು ಹೇಗೆ? ತುಟಿ ನೋಡಿ ಅವನು ಹಿಡಿಯುತ್ತಿದ್ದದ್ದು ಒಂದೆರಡು ಪದದ ಮಾತನ್ನಷ್ಟೇ. ಬರೆದು ಕೊಡೋಣವೆಂದರೆ ಅಪ್ಪನಿಗೆ ಸಹಿಯಷ್ಟೇ ಬರುತ್ತದೆ. ನಾಳೆ ಹೇಳಿದರಾಯಿತು ಎಂದು ಎದ್ದು ಬರುತ್ತಿದ್ದೆ.

ಅಪ್ಪ ಒಂದು ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜಿಗೆ ಸೇರಿದ. ಇಂಜಿನ್ ಮೇಲೆ ಅಂಗೈ ಇಟ್ಟು ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದನಂತೆ. ಅಲ್ಲಿ ಅವನಿಗೆ ಮರ್ಯಾದೆಯಿತ್ತು. ನಾನು ಹೈಸ್ಕೂಲು ಮುಗಿಸುವಷ್ಟರಲ್ಲಿ ಅವನಿಗೆ ಏನೂ ಕೇಳದಾಯಿತು, ಬಾಯಿಯನ್ನು ಕಿವಿಗೇ ಹಚ್ಚಿ ಕೂಗಿದರೆ ಒಂದೆರಡು ಮಾತು ಬಿಟ್ಟು. ನೌಕರಿ ಸಿಕ್ಕ ವರ್ಷ ಕಿವಿಗೆ ಹಾಕುವ ಮಷಿನ್ನು ಕೊಡಿಸಿದೆ. ಇದರಾಗ ಗದ್ದಲ ಕೇಳ್ತೈತಿ, ಮಾತು ಕೇಳಂಗಿಲ್ಲ ಎಂದು ನಾಲ್ಕು ದಿನಕ್ಕೆ ತೆಗೆದಿಟ್ಟ.

ಈಗ ನಾನು ಲಿಂಗಸುಗೂರಿನಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತೆ. ಅಪ್ಪ, ಅವ್ವ ಸಿಂಧನೂರಿನಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾರೆ. ಹಬ್ಬಕ್ಕೆ ಹೋದಾಗ ಅಪ್ಪನಿಗೆ ನಾನು ಕೂಗುವ ಮಾತುಗಳು ಇಷ್ಟೇ: ಉಂಡಿಯೇನು, ಗುಳಿಗೆ ತಗೊಂಡಿಯೇನು, ನಾ ಬರ್ತೀನಿ. ಕೂಗಿ ಹೇಳಬಹುದಾದ ಮಾತು ಬಹಳ ಕಡಿಮೆ ಎಂಬುದು ನನಗೆ ತಿಳಿದದ್ದು ಹೀಗೆ. ಉಳಿದದ್ದೆಲ್ಲ ನನ್ನಲ್ಲೇ ಉಳಿದಿದೆ.

ಭಾನುವಾರ ಬೆಳಿಗ್ಗೆ ಅವ್ವನಿಗೆ ಫೋನ್ ಮಾಡುತ್ತೇನೆ. ಅರ್ಧ ಗಂಟೆ ಮಾತಾಡುತ್ತೇನೆ. ಸಾಹೇಬರ ಸಿಟ್ಟು, ಮಗಳ ಜ್ವರ, ಒಂದೊಂದು ದಿನ ಸುಮ್ಮಸುಮ್ಮನೆ ಬರುವ ಅಳು, ಎಲ್ಲ. ಕೊನೆಗೆ ಆ ಕಡೆಯಿಂದ ಅಪ್ಪನ ದನಿ ಕೇಳುತ್ತದೆ: “ಏನಂತಾಳ ಸುಜಿ?”

ಅವ್ವ ಅವನ ಕಿವಿಗೆ ಬಾಯಿ ಹಚ್ಚಿ ಕೂಗುತ್ತಾಳೆ: “ಆರಾಮ ಅದಾಳಂತ.”