ಸುಣ್ಣ, ಕಬ್ಬಿಣ ಮತ್ತು ನಮ್ಮ ಕರಿಯ

ನಮ್ಮ ವಂಶದಲ್ಲಿ ಬಿ.ಎ. ಮಾಡಿದವನು ನಾನೊಬ್ಬನೇ. ಅದನ್ನು ನಾನು ಅಲ್ಲಲ್ಲಿ ಹೇಳಿಕೊಳ್ಳುವುದೂ ಉಂಟು. ಆ ಬಿ.ಎ.ಯನ್ನು ಒಂದು ನಾಯಿಮರಿ ಎರಡೇ ದಿನದಲ್ಲಿ ಮಣ್ಣುಪಾಲು ಮಾಡಿತು.

ಸಿರುಗುಪ್ಪದ ಅಕ್ಕ ಕೊಟ್ಟ ಮರಿ, ಹೆಸರು ಕರಿಯ. ಬಳ್ಳಾರಿಯ ನಮ್ಮ ಮನೆಗೆ ಬಂದು ಎರಡು ತಿಂಗಳಾಗುವಷ್ಟರಲ್ಲಿ ಅದರ ಮುಂಗಾಲುಗಳು ಬಿಲ್ಲಿನಂತೆ ಬಾಗಿದವು. ಎದ್ದರೆ ಬೀಳುತ್ತಿತ್ತು. "ಇದು ಉಳಿಯಂಗಿಲ್ಲ ಬಿಡ್ರಿ ಮೇಷ್ಟ್ರ" ಎಂದು ಎದುರುಮನೆಯಾಕೆ ಹೇಳಿದಳು. ನನಗೆ ರೇಗಿತು. ನಾಯಿ ಸಾಕುವ ಇಂಗ್ಲಿಷ್ ಪುಸ್ತಕವೊಂದನ್ನು ಹುಡುಕಿ ತಂದು ಓದಿದೆ. ಬರೀ ರೊಟ್ಟಿ ಮಜ್ಜಿಗೆ ಸಾಲದು, ಇಂಥಿಂಥ ಲವಣಗಳು ಬೇಕು ಎಂದಿತ್ತು. ಕುರುಗೋಡಿನಿಂದ ಬಂದು ನನ್ನ ಜೊತೆಗಿದ್ದ ಅವ್ವನಿಗೆ ಓದು ಬಾರದು. ಆದ್ದರಿಂದ ಅಚ್ಚಗನ್ನಡದಲ್ಲಿ ತಿಳಿಸಿದೆ:

"ಅವ್ವಾ, ಕರಿಯನ ಮೈಯಾಗ ಸುಣ್ಣ ಕಡಿಮಿ ಆಗೇತಿ. ಕಬ್ಬಿಣಾನೂ ಬೇಕಂತ."

"ಸುಣ್ಣಾ, ಕಬ್ಬಿಣಾ! ನಾಯಿ ಸಾಕಾಕ ಹತ್ತೀಯೋ, ಮನಿ ಕಟ್ಟಾಕ ಹತ್ತೀಯೋ?"

"ಪುಸ್ತಕದಾಗ ಐತವ್ವಾ."

ಪುಸ್ತಕವೆಂದರೆ ಅವ್ವನಿಗೆ ಎದುರುಮಾತಿಲ್ಲ. ಊರವರ ಹೊಲಗಳಲ್ಲಿ ಹತ್ತಿ ಬಿಡಿಸಿ ನನಗೆ ಪುಸ್ತಕ ಕೊಡಿಸಿದವಳು ಆಕೆ. ಮರುದಿನ ನಾನು ಶಾಲೆಯಿಂದ ಬರುವ ಹೊತ್ತಿಗೆ ಕರಿಯ ಬಾಯಿ ಸುಟ್ಟುಕೊಂಡು ಮೂಲೆಯಲ್ಲಿ ಕುಂಯ್‌ಗುಡುತ್ತಿತ್ತು. ಅವ್ವ ತನ್ನ ಎಲೆಯಡಿಕೆ ಚೀಲದ ಸುಣ್ಣವನ್ನು ಅದರ ಗಂಜಿಗೆ ಕಲಸಿದ್ದಳು. ಕುಡುಗೋಲನ್ನು ಕೆಂಪಗೆ ಕಾಸಿ ಮಜ್ಜಿಗೆಯಲ್ಲಿ ಅದ್ದಿದ್ದಳು.

"ಏನ್ ಮಾಡಿದ್ಯವ್ವಾ!"

"ನೀನ ಹೇಳಿದ್ಯಲ್ಲಲೇ!"

ಹೌದು, ಹೇಳಿದವನು ನಾನೇ. ಕರಿಯ ಎರಡು ದಿನ ಏನನ್ನೂ ಮುಟ್ಟಲಿಲ್ಲ. ಆ ಎರಡು ದಿನ ನಾನು ಅವ್ವನ ಮೇಲೆ, ಪುಸ್ತಕದ ಮೇಲೆ, ಕೊನೆಗೆ ಕನ್ನಡದ ಮೇಲೂ ಸಿಟ್ಟಾದೆ. 'ಖನಿಜಾಂಶ' ಎಂದಿದ್ದರೆ ಆಕೆಗೆ ಏನೂ ತಿಳಿಯುತ್ತಿರಲಿಲ್ಲ, ನಾಯಿಯ ಬಾಯಾದರೂ ಉಳಿಯುತ್ತಿತ್ತು. ಅರ್ಥವಾಗದಂತೆ ಮಾತಾಡುವ ಪಂಡಿತರ ಮೇಲೆ ಅಂದು ಮೊದಲ ಬಾರಿ ಗೌರವ ಹುಟ್ಟಿತು.

ಮೂರನೆಯ ದಿನ ಪುಸ್ತಕವನ್ನು ಮತ್ತೆ ತೆರೆದಾಗ ಮೊದಲು ನೋಡದೆ ಬಿಟ್ಟಿದ್ದ ಸಾಲೊಂದು ಕಣ್ಣಿಗೆ ಬಿತ್ತು: ಬಿಸಿಲು ತಾಕದಿದ್ದರೆ ಎಲುಬಿಗೆ ಸುಣ್ಣ ಹತ್ತುವುದಿಲ್ಲ. ನಾನೋ, ಬೀದಿನಾಯಿಗಳ ರೋಗ ತಗಲೀತೆಂದು ಮರಿಯನ್ನು ಒಳಕೋಣೆಯಲ್ಲೇ ಕಟ್ಟಿದ್ದೆ! ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಎಲ್ಲಕ್ಕೂ ರೇಶನ್ ಇದ್ದ ಆ ಕಾಲದಲ್ಲೂ ಬಿಸಿಲಿಗೆ ಮಾತ್ರ ಕಾರ್ಡು ಬೇಕಿರಲಿಲ್ಲ. ಬಳ್ಳಾರಿಯಲ್ಲಿದ್ದೂ ಬಿಸಿಲು ಸಾಲದೆ ಕಾಲು ಸೊಟ್ಟಾದ ಜೀವ ಅದೊಂದೇ ಇರಬೇಕು.

ಈ ಸಲ ಅವ್ವನಿಗೆ ತಿನ್ನುವ ಪದಾರ್ಥಗಳ ಹೆಸರನ್ನಷ್ಟೇ ಹೇಳಿದೆ: ಎಲುಬು ಕುದಿಸಿದ ರಸ, ನುಗ್ಗೆಸೊಪ್ಪು, ತತ್ತಿ, ಜೋಳದ ಗಂಜಿ, ಮೇಲಿಷ್ಟು ಎಳೆಬಿಸಿಲು.

"ಇಷ್ಟ ಹೇಳಾಕ ನಾಯಿ ಬಾಯಿ ಸುಡಬೇಕಿತ್ತೇನು?" ಎಂದು ಅವ್ವ ಒಲೆ ಹೊತ್ತಿಸಿದಳು.

ಒಂದೂವರೆ ತಿಂಗಳಾದ ಮೇಲೆ ಕರಿಯ ತಾನಾಗಿ ಎದ್ದು, ಎದುರುಮನೆಯಾಕೆಯ ಕೋಳಿಯನ್ನು ಅಟ್ಟಿಸಿಕೊಂಡು ಓಡಿತು. ಕಾಲು ಇನ್ನೂ ತುಸು ಸೊಟ್ಟವೇ. ಕೋಳಿಗೆ ಅದು ತಿಳಿಯಲಿಲ್ಲ. ನಾನು ಎದೆಯುಬ್ಬಿಸಿ ಒಳಗೆ ಬಂದೆ. ಅವ್ವ ನನ್ನ ರಟ್ಟೆ ಹಿಡಿದು ನೋಡಿದಳು.

"ಓದಿ ಓದಿ ಕಡ್ಡಿ ಆಗೀದಿ. ನಿನಗೇನ್ ಕಡಿಮಿ ಐತಂತ ಯಾವ ಪುಸ್ತಕದಾಗ ಬರದಾರ? ಕುಂದ್ರು."

ಕರಿಯನಿಗೆ ಗಂಜಿ ಕಾಸಿದ ಗಡಿಗೆಯಿಂದಲೇ ನನ್ನ ತಾಟಿಗೂ ಬಡಿಸಿದಳು. ಬಾಯಿಗಿಟ್ಟರೆ ಉಪ್ಪಿಲ್ಲ. ನಾಯಿಯ ಗಂಜಿಗೆ ಉಪ್ಪು ಹಾಕಬೇಡವೆಂದು ಹೇಳಿದವನೂ ನಾನೇ. ಯಾವ ಮುಖದಿಂದ ಕೇಳಲಿ? ತಾಟು ಬಳಿದು ಉಂಡೆ.