ಪಡಸಾಲೆಯ ಹಾಸಿಗೆ

ಐನಾಪುರದ ಸಮಾಧಾನ ತನ್ನ ಅಕ್ಕನ ಅಸ್ಥಿಮಜ್ಜೆ ಪಡೆದು ರಕ್ತದ ಕ್ಯಾನ್ಸರಿನಿಂದ ಉಳಿದು ಬಂದು ನಾಲ್ಕು ವರ್ಷವಾಯಿತು. ಆಗ ಡಾಕ್ಟರು ಹೇಳಿದ ಒಂದು ಪಥ್ಯವನ್ನೂ ಆತ ಇಂದಿಗೂ ಬಿಟ್ಟಿಲ್ಲ. ಮದುವೆಯೂಟಕ್ಕೂ ಕಾಯಿಸಿ ಆರಿಸಿದ ನೀರಿನ ಬಾಟಲಿ ಹಿಡಿದೇ ಬರುತ್ತಾನೆ. ಸೌತೆಕಾಯಿ ಬಡಿಸಲು ಬಂದರೆ ಎಲೆಗೆ ಎರಡೂ ಕೈ ಅಡ್ಡ ಹಿಡಿದು "ಹಸೀದು ನಡೆಯಂಗಿಲ್ರಿ" ಎನ್ನುತ್ತಾನೆ. ಎಮ್ಮೆ ಸೀನಿದರೂ ಮಾಸ್ಕ್ ಏರಿಸುತ್ತಾನೆ. ಹಾಸಿಗೆಯಂತೂ ಪಡಸಾಲೆಯಲ್ಲಿ, ಬೇರೆಯೇ. ಯಾರು ಹೇಗಿದ್ದೀ ಎಂದರೂ ಉತ್ತರ ಒಂದೇ: "ಏಕದಮ್ ಆರಾಮ ಅದೀನ್ರಿ." ಮೊನ್ನೆ ತಪಾಸಣೆಗೆ ಹೋದಾಗ ಡಾಕ್ಟರಿಗೂ ಅದನ್ನೇ ಹೇಳಿ ಎದ್ದ. ಹೆಂಡತಿ ಶುಭಾಂಗಿ ಮಾತ್ರ ಏಳಲಿಲ್ಲ. ಸೆರಗು ಬಿಗಿಹಿಡಿದು ಕೇಳಿಯೇಬಿಟ್ಟಳು: "ಇವ್ರು ಬ್ಯಾರೆ ಮಲಗೂದು ಇನ್ನೂ ಎಷ್ಟ್ ದಿನ್ರಿ, ಸಾಹೇಬ್ರ?" ಡಾಕ್ಟರು ಬೆರಗಾದರು. "ಅದನ್ನ ಮೊದಲಿನ ಕೆಲವು ತಿಂಗಳಿಗಷ್ಟ ಹೇಳಿದ್ದವ್ವಾ!" ಸಮಾಧಾನ ಮತ್ತೆ ಕುಳಿತ, ನೆಲ ನೋಡುತ್ತ. "ನಂಗ ಗೊತ್ತಿತ್ರಿ," ಎಂದ. "ಗಂಡಸ್ತನಾನ ಉಳಿದಿಲ್ರಿ. ಇಕಿಗೆ ಹ್ಯಾಂಗ ಹೇಳ್ಲಿ?" ಈ ಚಿಕಿತ್ಸೆಯಾದ ಬಹಳ ಮಂದಿಗೆ ಹೀಗಾಗುತ್ತದೆ, ಇದಕ್ಕೂ ಔಷಧವಿದೆ ಎಂದು ಡಾಕ್ಟರು ಚೀಟಿ ಬರೆಯತೊಡಗಿದರು. ಶುಭಾಂಗಿ ಗಂಡನ ಕಡೆ ತಿರುಗಿದಳು. "ಔಷಧ ಆಮ್ಯಾಲ ನೋಡೂಣ್ರಿ. ಇವತ್ತ ಹಾಸಿಗಿ ಒಳಗ ತರ್ರಿ."